ಬೋಲ್ಟು, ಮರ, ರೈಲು ಡಬ್ಬಿ: ಸುಂಟರಗಾಳಿಯ ಬಲವನ್ನು ಅಳೆಯುವುದು ಹೇಗೆ?

ಮನೆ ಇದ್ದ ಜಾಗದಲ್ಲಿ ಈಗ ಕಾಂಕ್ರೀಟಿನ ನೆಲವೊಂದೇ ಉಳಿದಿದೆ. ಗೋಡೆಯಿಲ್ಲ, ಸೂರಿಲ್ಲ, ಅಡುಗೆಮನೆಯ ಕಟ್ಟೆ ಯಾವ ಹೊಲಕ್ಕೆ ಹೋಗಿ ಬಿತ್ತೋ ಹೇಳುವವರಿಲ್ಲ. ಸುಂಟರಗಾಳಿ ಹಾದುಹೋದ ಮರುದಿನ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಸಮೀಕ್ಷಕರು ಇಂಥ ಜಾಗಕ್ಕೆ ಬರುತ್ತಾರೆ. ನಾವಾದರೆ ಸುತ್ತಲ ಅವಶೇಷವನ್ನು ನೋಡಿ ದಂಗಾಗಿ ನಿಲ್ಲುತ್ತೇವೆ. ಅವರು ಆ ನೆಲದ ಅಂಚಿನಲ್ಲಿ ಮೊಣಕಾಲೂರಿ ಕೂತು ಬೋಲ್ಟುಗಳನ್ನು ಹುಡುಕುತ್ತಾರೆ.

ಅಮೆರಿಕದ ಬಹುಪಾಲು ಮನೆಗಳು ಮರದ ಚೌಕಟ್ಟಿನವು. ಗೋಡೆಯ ಬುಡದಲ್ಲಿ ಉದ್ದಕ್ಕೂ ಒಂದು ಮರದ ಪಟ್ಟಿ ಮಲಗಿರುತ್ತದೆ. ಆ ಪಟ್ಟಿ ಅಡಿಪಾಯವನ್ನು ಹಿಡಿದುಕೊಂಡಿರುವ ರೀತಿಯ ಮೇಲೆ ಇಡೀ ಮನೆಯ ಗಟ್ಟಿತನ ನಿಂತಿದೆ. ಕಾಂಕ್ರೀಟಿನೊಳಗೆ ಹೂತ ಬೋಲ್ಟು ಪಟ್ಟಿಯನ್ನು ತೂರಿ ಮೇಲೆ ಬಂದು, ಅದಕ್ಕೆ ಅಗಲವಾದ ವಾಷರ್ ಹಾಕಿ, ನಟ್ಟು ಬಿಗಿದಿದ್ದರೆ ಅದು ಒಂದು ಮನೆ. ಪಟ್ಟಿಯನ್ನು ಬರೀ ಮೊಳೆ ಹೊಡೆದು ಕೂರಿಸಿದ್ದರೆ ಅದು ಬೇರೆಯೇ ಮನೆ. ಎರಡೂ ಹೊರಗಿನಿಂದ ನೋಡಲು ಒಂದೇ ಥರ, ಎರಡೂ ಗುಡಿಸಿಹೋದ ಮೇಲೆ ಉಳಿಯುವ ಬರಿ ನೆಲವೂ ಒಂದೇ ಥರ. ಆದರೆ ಮೊದಲನೆಯದನ್ನು ಕಿತ್ತ ಗಾಳಿಗೂ ಎರಡನೆಯದನ್ನು ಕಿತ್ತ ಗಾಳಿಗೂ ಗಂಟೆಗೆ ನೂರು ಕಿಲೋಮೀಟರಿನಷ್ಟು ವ್ಯತ್ಯಾಸ ಇರಬಹುದು. ಬೋಲ್ಟು ಬಗ್ಗಿದೆಯೇ, ಯಾವ ದಿಕ್ಕಿಗೆ ಬಗ್ಗಿದೆ, ನಟ್ಟು ಇನ್ನೂ ಕಚ್ಚಿಕೊಂಡಿದೆಯೇ, ಮೊದಲಿನಿಂದಲೂ ಅದು ಇರಲೇ ಇಲ್ಲವೇ ಎಂದು ಅವರು ನೋಡುತ್ತಾರೆ. ಇಎಫ್ ಎಂಬುದು ಸುಂಟರಗಾಳಿಯ ಬಲಕ್ಕೆ ಸೊನ್ನೆಯಿಂದ ಐದರವರೆಗೆ ಅಂಕಿ ಕೊಡುವ ಮಾಪಕ. ಮರುದಿನದ ಪತ್ರಿಕೆಯಲ್ಲಿ 'ಇಎಫ್-4 ಸುಂಟರಗಾಳಿ' ಎಂದು ಓದುತ್ತೇವಲ್ಲ, ಆ ನಾಲ್ಕು ಹುಟ್ಟುವುದು ಇಂಥ ಕಡೆ.

ಆ ಗಾಳಿಯ ವೇಗವನ್ನು ಸಾಮಾನ್ಯವಾಗಿ ಯಾವ ಯಂತ್ರವೂ ಅಳೆದಿರುವುದಿಲ್ಲ. ಸುಂಟರಗಾಳಿಗೆ ಕೊಡುವ ಅಂಕಿ ಗಾಳಿ ಹೋದ ಮೇಲೆ ಅದು ಬಿಟ್ಟುಹೋದ ಹಾಳನ್ನು ನೋಡಿ ಹಿಂದಕ್ಕೆ ಲೆಕ್ಕ ಹಾಕಿ ಬರೆದ ಅಂದಾಜು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈ ಮಾಪಕದ ಶಕ್ತಿಯೂ ಮಿತಿಯೂ ಒಟ್ಟಿಗೆ ಅರ್ಥವಾಗುತ್ತವೆ.

ಮುಂದೆ ಹೋಗುವ ಮೊದಲು ಒಂದು ಮಾತು. ನಮ್ಮ ಸುದ್ದಿಗಳಲ್ಲಿ ಚಂಡಮಾರುತವೂ ಸುಂಟರಗಾಳಿಯೂ ಆಗಾಗ ಅದಲುಬದಲಾಗುತ್ತವೆ. ಬಂಗಾಳ ಕೊಲ್ಲಿಯಲ್ಲೋ ಅರಬ್ಬೀ ಸಮುದ್ರದಲ್ಲೋ ಹುಟ್ಟುವ ಚಂಡಮಾರುತ ನೂರಾರು ಕಿಲೋಮೀಟರ್ ಅಗಲದ್ದು, ದಿನಗಟ್ಟಲೆ ಬದುಕುವಂಥದ್ದು. ಉಪಗ್ರಹದ ಚಿತ್ರ ನೋಡಿ, ಅದು ದಡ ಮುಟ್ಟುವ ಮೊದಲೇ ತೀವ್ರತೆಯನ್ನು ಹೇಳಬಹುದು. ಸುಂಟರಗಾಳಿ, ಅಂದರೆ ಟೊರ್ನಾಡೊ, ಗುಡುಗುಮೋಡದ ತಳದಿಂದ ನೆಲದವರೆಗೆ ಇಳಿದ ಗಾಳಿಯ ಕಂಬ. ಸಾಮಾನ್ಯವಾಗಿ ಕೆಲವು ನೂರು ಮೀಟರ್ ಅಗಲ, ಕೆಲವೇ ನಿಮಿಷಗಳ ಆಯುಷ್ಯ. ಇನ್ನು ಬೇಸಿಗೆಯ ಮಧ್ಯಾಹ್ನ ನಮ್ಮ ಬಯಲುಸೀಮೆಯ ಹೊಲಗಳಲ್ಲಿ ತರಗೆಲೆ, ಮಣ್ಣನ್ನೆಲ್ಲ ಎತ್ತಿಕೊಂಡು ಗಿರಗಿರನೆ ಸುತ್ತುವ ಸುಳಿಗಾಳಿಯನ್ನೂ ನಾವು ಸುಂಟರಗಾಳಿ ಎಂದೇ ಕರೆಯುತ್ತೇವೆ. ಅದು ಕಾದ ನೆಲದಿಂದ ಮೇಲೇಳುವಂಥದ್ದು, ಅದಕ್ಕೆ ಮೋಡವೇ ಬೇಕಿಲ್ಲ. ಇಲ್ಲಿ ಹೇಳುತ್ತಿರುವುದು ಮೋಡದಿಂದ ಇಳಿಯುವ ಗಾಳಿಯ ಬಗ್ಗೆ.

ಇಷ್ಟು ಕಿರಿದಾದ, ಇಷ್ಟು ಅಲ್ಪಾಯುಷಿಯಾದ ಗಾಳಿ ಒಂದು ಹವಾಮಾನ ಕೇಂದ್ರದ ತಲೆಯ ಮೇಲೆಯೇ ಹಾದುಹೋಗುವುದು ಬಹಳ ಅಪರೂಪ. ಹಾದುಹೋದರೂ ವೇಗ ಅಳೆಯುವ ಉಪಕರಣ ಉಳಿಯುವುದು ಕಷ್ಟ. ಹಾಗಾಗಿ ಬೇರೆ ದಾರಿ ಹುಡುಕಬೇಕಿತ್ತು. ಆ ದಾರಿ ತೋರಿಸಿದವರು ಜಪಾನಿನಲ್ಲಿ ಹುಟ್ಟಿದ ತೆತ್ಸುಯಾ ಫುಜಿತಾ.

1945ರಲ್ಲಿ ಫುಜಿತಾ ಜಪಾನಿನ ಕೊಕುರಾ ನಗರದ ಪಕ್ಕದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ತರುಣ. ಆಗಸ್ಟ್ 9ರಂದು ಎರಡನೇ ಅಣುಬಾಂಬ್ ಬೀಳಬೇಕಿದ್ದದ್ದು ಕೊಕುರಾದ ಮೇಲೆ. ಆಕಾಶ ಮುಸುಕಾಗಿದ್ದರಿಂದ ಗುರಿ ಕಾಣದೆ ವಿಮಾನ ನಾಗಾಸಾಕಿಗೆ ತಿರುಗಿತು. ಆಮೇಲೆ ಫುಜಿತಾ ನಾಗಾಸಾಕಿಗೂ ಹಿರೋಷಿಮಾಗೂ ಹೋಗಿ ಅಲ್ಲಿನ ನಾಶವನ್ನು ಅಧ್ಯಯನ ಮಾಡಿದರು. ಸ್ಮಶಾನದ ಬಿದಿರಿನ ಹೂದಾನಿಗಳ ಮೇಲೆ ಉಳಿದ ಸುಟ್ಟ ಗುರುತು ಯಾವ ಕೋನದಲ್ಲಿದೆ ಎಂದು ನೋಡಿ ಬಾಂಬ್ ಎಷ್ಟು ಎತ್ತರದಲ್ಲಿ ಸಿಡಿಯಿತೆಂದು ಲೆಕ್ಕ ಹಾಕಿದರು. ಸ್ಫೋಟದ ಕೆಳಗಿನ ಬಿಂದುವಿನಿಂದ ಮರಗಳು ಸುತ್ತಲೂ ಹೊರಮುಖವಾಗಿ, ನಕ್ಷತ್ರದ ಕಿರಣಗಳಂತೆ ಬಿದ್ದಿದ್ದನ್ನು ಕಂಡರು. ತಾನು ಸಾಯಬಹುದಾಗಿದ್ದ ಬಾಂಬಿನ ಬೂದಿಯ ನಡುವೆ ನಿಂತು, ನಾಶಕ್ಕೂ ಒಂದು ಲಿಪಿಯಿದೆ, ಅದನ್ನು ಓದಲು ಬರುತ್ತದೆ ಎಂದು ಆ ಮನುಷ್ಯ ಕಂಡುಕೊಂಡದ್ದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

1953ರಲ್ಲಿ ಅವರು ಶಿಕಾಗೊ ವಿಶ್ವವಿದ್ಯಾಲಯಕ್ಕೆ ಬಂದರು. 1957ರಲ್ಲಿ ಉತ್ತರ ಡಕೋಟಾದ ಫಾರ್ಗೊ ನಗರಕ್ಕೆ ಸುಂಟರಗಾಳಿ ಅಪ್ಪಳಿಸಿದಾಗ, ಊರಿನವರು ತೆಗೆದ ಫೋಟೊಗಳನ್ನೆಲ್ಲ ಕಲೆಹಾಕಿ, ಯಾವುದು ಎಲ್ಲಿಂದ ಎಷ್ಟು ಹೊತ್ತಿಗೆ ತೆಗೆದದ್ದೆಂದು ಜೋಡಿಸಿ, ಆ ಗಾಳಿಯ ಹುಟ್ಟಿನಿಂದ ಸಾವಿನವರೆಗಿನ ಚರಿತ್ರೆಯನ್ನು ಕಟ್ಟಿದರು. 1971ರಲ್ಲಿ ತಮ್ಮ ಮಾಪಕವನ್ನು ಮಂಡಿಸಿದರು. ಅವರ ಹೆಸರಿನ ಮೊದಲಕ್ಷರದಿಂದ ಅದು ಎಫ್ ಮಾಪಕವಾಯಿತು: ಎಫ್-0ರಲ್ಲಿ ಹಗುರ ಹಾನಿ, ಎಫ್-5ರಲ್ಲಿ 'ನಂಬಲಾಗದ' ಹಾನಿ. ಹಡಗಿನವರು ಬಳಸುತ್ತಿದ್ದ ಬೋಫರ್ಟ್ ಮಾಪಕದ ಕೊನೆಯ ಮೆಟ್ಟಿಲಿನಿಂದ ಶಬ್ದದ ವೇಗದವರೆಗಿನ ಅಂತರವನ್ನು ಅವರು ಹಂತಗಳಾಗಿ ಭಾಗಿಸಿದ್ದರು. ಒಟ್ಟು ಎಫ್-12ರವರೆಗೆ ಹೋಗುತ್ತಿತ್ತು, ಆದರೆ ಭೂಮಿಯ ಮೇಲಿನ ಸುಂಟರಗಾಳಿಗಳಿಗೆ ಐದು ಸಾಕು ಎಂಬುದು ಅವರ ಎಣಿಕೆ. 1974ರ ಏಪ್ರಿಲ್ 3 ಮತ್ತು 4ರಂದು ಒಂದೇ ದಿನದ ಅವಧಿಯಲ್ಲಿ 148 ಸುಂಟರಗಾಳಿಗಳು ಅಮೆರಿಕವನ್ನು ತುಳಿದಾಗ, ಫುಜಿತಾ ಮತ್ತು ಅವರ ತಂಡ ಒಂದೊಂದರ ಜಾಡನ್ನೂ ನಕ್ಷೆಯ ಮೇಲೆ ಗುರುತಿಸಿ ಅಂಕಿ ಕೊಟ್ಟರು.

ಆ ಮಾಪಕದಲ್ಲಿ ಒಂದು ತೊಡಕಿತ್ತು. ಹಾನಿಗೆ ಜೋಡಿಸಿದ್ದ ವೇಗಗಳು ವಿದ್ವಾಂಸನೊಬ್ಬನ ಊಹೆಯಾಗಿದ್ದವು, ಪರೀಕ್ಷಿಸಿ ಕಂಡವಲ್ಲ. ಎಫ್-5 ಎಂದರೆ ಗಂಟೆಗೆ ಸುಮಾರು 420ರಿಂದ 510 ಕಿಲೋಮೀಟರ್ ವೇಗ ಎನ್ನುತ್ತಿತ್ತು ಅದು. ಆದರೆ ಮನೆಗಳ ಕಟ್ಟಡವನ್ನು ಬಲ್ಲ ಎಂಜಿನಿಯರುಗಳು, ಮನೆಯೊಂದನ್ನು ಬುಡಸಮೇತ ಗುಡಿಸಲು ಅಷ್ಟು ಗಾಳಿ ಬೇಡವೇ ಬೇಡ ಎಂದರು. ಗಾಳಿ ಒಂದು ಗೋಡೆಯ ಮೇಲೆ ಹೇರುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಜೊತೆಗೆ 'ಮನೆ' ಎಂದರೆ ಎಂಥ ಮನೆ ಎಂದು ಹಳೆಯ ಮಾಪಕ ಸರಿಯಾಗಿ ಕೇಳುತ್ತಿರಲಿಲ್ಲ.

ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದವರ ಮುಂದಾಳತ್ವದಲ್ಲಿ ಎಂಜಿನಿಯರುಗಳೂ ಹವಾಮಾನ ತಜ್ಞರೂ ಕೂತು ಇದನ್ನು ತಿದ್ದಿದರು. 2007ರ ಫೆಬ್ರುವರಿ 1ರಿಂದ ಅಮೆರಿಕದಲ್ಲಿ ಬಳಕೆಗೆ ಬಂದ ಸುಧಾರಿತ ಫುಜಿತಾ ಮಾಪಕವೇ ಇಂದಿನ ಇಎಫ್. ಇದರಲ್ಲಿ ಇಎಫ್-0 ಗಂಟೆಗೆ 105 ಕಿಲೋಮೀಟರಿನಿಂದ ಶುರುವಾಗುತ್ತದೆ. 138 ದಾಟಿದರೆ ಇಎಫ್-1, 178ರಿಂದ ಇಎಫ್-2, 218ರಿಂದ ಇಎಫ್-3, 267ರಿಂದ ಇಎಫ್-4. 322ರಾಚೆಗೆ ಇಎಫ್-5, ಅದಕ್ಕೆ ಮೇಲ್ಮಿತಿ ಇಲ್ಲ. ಮೂರು ಸೆಕೆಂಡುಗಳ ಒಂದು ಬೀಸಿನ ವೇಗ ಇದು. ಹೊಡೆಯುವ ಸುಂಟರಗಾಳಿಗಳಲ್ಲಿ ಬಹುಪಾಲು ಮೊದಲ ಎರಡು ಮೆಟ್ಟಿಲುಗಳಲ್ಲೇ ನಿಲ್ಲುತ್ತವೆ. ಸಾವುನೋವಿನ ದೊಡ್ಡ ಪಾಲು ಬರುವುದು ಮೇಲಿನ ಮೆಟ್ಟಿಲುಗಳ ಕೆಲವೇ ಕೆಲವು ಗಾಳಿಗಳಿಂದ.

ಈ ಅಂಕಿಗಳಿಗಿಂತ ಮುಖ್ಯವಾದದ್ದು ಅವುಗಳ ಹಿಂದಿನ ಪಟ್ಟಿ. ಸಮೀಕ್ಷಕರ ಕೈಯಲ್ಲಿ 28 ಹಾನಿ ಸೂಚಕಗಳಿರುತ್ತವೆ: ಒಂದು ಕುಟುಂಬದ ಮನೆ, ಚಕ್ರದ ಮೇಲೆ ಸಾಗಿಸಿ ತಂದ ಮನೆ, ಶಾಲೆ, ಪೆಟ್ರೋಲ್ ಬಂಕಿನ ಚಾವಣಿ, ವಿದ್ಯುತ್ ಕಂಬ, ಗಟ್ಟಿಮರ, ಮೆದುಮರ, ಹೀಗೆ. ಒಂದೊಂದಕ್ಕೂ ಹಾನಿಯ ಮಟ್ಟಗಳಿವೆ. ಮನೆಗೆ ಅಂಥ ಮಟ್ಟಗಳು ಹತ್ತು. ಸೂರಿನ ಹೊದಿಕೆ ಅಲ್ಲಲ್ಲಿ ಕಿತ್ತುಹೋಗಿದ್ದರೆ ವೇಗ ಸುಮಾರು 127 ಎಂದು ಅಂದಾಜು. ಸೂರಿನ ದೊಡ್ಡ ಭಾಗವೇ ಹಾರಿದ್ದರೆ 196. ಹೊರಗೋಡೆಗಳು ಕುಸಿದಿದ್ದರೆ 212. ಒಳಗಿನ ಸಣ್ಣ ಕೋಣೆಗಳನ್ನು ಬಿಟ್ಟು ಉಳಿದ ಗೋಡೆಗಳೆಲ್ಲ ಬಿದ್ದಿದ್ದರೆ 245. ಎಲ್ಲ ಗೋಡೆಗಳೂ ಬಿದ್ದಿದ್ದರೆ 274. ಚೆನ್ನಾಗಿ ಕಟ್ಟಿದ ಮನೆ ಗುಡಿಸಿಟ್ಟಂತಾಗಿ ನೆಲ ಮಾತ್ರ ಉಳಿದಿದ್ದರೆ 322. ಪ್ರತಿಯೊಂದಕ್ಕೂ ಒಂದು ಕೆಳಮಿತಿ, ಒಂದು ಮೇಲ್ಮಿತಿ ಇದೆ. ಕೊನೆಯ ಮಟ್ಟದಲ್ಲಿ ಈ ವ್ಯಾಪ್ತಿ ಸುಮಾರು 266ರಿಂದ 354ರವರೆಗೆ ಚಾಚುತ್ತದೆ. ಕಟ್ಟಡ ದುರ್ಬಲವಾಗಿದ್ದರೆ ಅಂಕಿಯನ್ನು ಕೆಳಕ್ಕೆ ಎಳೆಯಬೇಕು, ಅಸಾಧಾರಣವಾಗಿ ಗಟ್ಟಿಯಾಗಿದ್ದರೆ ಮೇಲಕ್ಕೆ. ಬೋಲ್ಟು, ನಟ್ಟು, ವಾಷರ್ ನೋಡುವುದು ಅದಕ್ಕಾಗಿಯೇ.

ಈ ಪಟ್ಟಿಯ ನಡುವೆ ಜೀವ ಉಳಿಸುವ ಒಂದು ಸಾಲೂ ಅಡಗಿದೆ. ಟೆಕ್ಸಾಸಿನಲ್ಲಿ, ಒಕ್ಲಹೋಮಾದಲ್ಲಿ ನೆಲೆಸಿರುವ ನಮ್ಮವರಿಗೆ ಸೈರನ್ ಕೂಗಿದಾಗ ಏನು ಮಾಡಬೇಕೆಂದು ಹೇಳಿಕೊಟ್ಟಿರುತ್ತಾರೆ: ಕಿಟಕಿಯಿಲ್ಲದ, ಮನೆಯ ನಡುವಿನ, ಆದಷ್ಟು ಸಣ್ಣ ಕೋಣೆಗೆ ಹೋಗಿ, ತಲೆಯನ್ನು ಕಾಪಾಡಿಕೊಳ್ಳಿ. ಅಲ್ಲಿನ ಹೆಚ್ಚಿನ ಮನೆಗಳಿಗೆ ನೆಲಮಾಳಿಗೆಯಿಲ್ಲ. ಬಟ್ಟೆ ಇಡುವ ಗೂಡಿನಲ್ಲೋ ಬಚ್ಚಲಲ್ಲೋ ಮುದುಡಿ ಕೂರುವುದು ಊರಿಂದ ಬಂದ ಅಪ್ಪ ಅಮ್ಮನಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ನೂರಾರು ಬಿದ್ದ ಮನೆಗಳನ್ನು ನೋಡಿದವರು ಬರೆದಿಟ್ಟದ್ದು ಇದನ್ನೇ: ಹೊರಗೋಡೆಗಳು ಹೋದ ಮೇಲೂ ಒಳಗಿನ ಸಣ್ಣ ಕೋಣೆ ಹಲವು ಸಲ ನಿಂತಿರುತ್ತದೆ. ನಿಮ್ಮ ಬಂಧುಗಳು ಅಲ್ಲಿದ್ದರೆ ದಯವಿಟ್ಟು ಈ ಮಾತನ್ನು ಅವರಿಗೆ ಮುಟ್ಟಿಸಿ.

ಹಾಗಾದರೆ ಕಣ್ಣಿಗೆ ಕಾಣುವ ರೂಪ ನೋಡಿ ಬಲವನ್ನು ಹೇಳಬಹುದೇ? ಇಲ್ಲ. ಎರಡು ಉದಾಹರಣೆ ಸಾಕು.

2007ರ ಜೂನ್ 22ರಂದು ಕೆನಡಾದ ಮನಿಟೋಬಾ ಪ್ರಾಂತ್ಯದ ಈಲೈ ಎಂಬ ಸಣ್ಣ ಊರಿಗೆ ಒಂದು ಸುಂಟರಗಾಳಿ ಬಂತು. ಅತಿ ಹೆಚ್ಚೆಂದರೆ 300 ಮೀಟರ್ ಅಗಲ. ಕೊನೆಕೊನೆಗೆ ಅದು ಹಗ್ಗದಂತೆ ತೆಳ್ಳಗಾಗಿ, ಸೊಟ್ಟಗಾಗಿ, ಇನ್ನೇನು ಮುಗಿಯಿತು ಎನ್ನುವಂತಿತ್ತು. ಅದೇ ಹೊತ್ತಿನಲ್ಲಿ ಅದು ಬೋಲ್ಟು ಬಿಗಿದ ಗಟ್ಟಿ ಮನೆಯೊಂದನ್ನು ನೆಲದಿಂದ ಕಿತ್ತು ಎತ್ತಿತು. ವ್ಯಾನೊಂದನ್ನು ಗಾಳಿಯಲ್ಲಿ ಸುತ್ತಿಸಿತು. ಯಾರೋ ತೆಗೆದ ವಿಡಿಯೊದಲ್ಲಿ ಅದೆಲ್ಲ ದಾಖಲಾಗಿತ್ತು. ಕೆನಡಾದಲ್ಲಿ ಆಗ ಹಳೆಯ ಮಾಪಕವೇ ಇದ್ದುದರಿಂದ ಅದಕ್ಕೆ ಸಿಕ್ಕ ಅಂಕಿ ಎಫ್-5. ದೇವರ ದಯೆಯಿಂದ ಯಾರೂ ಸಾಯಲಿಲ್ಲ.

ಇನ್ನೊಂದು ಒಕ್ಲಹೋಮಾದ ಎಲ್ ರೀನೊ, 2013ರ ಮೇ 31. ಅಗಲ 4.2 ಕಿಲೋಮೀಟರ್. ಅಷ್ಟು ಅಗಲದ ಇನ್ನೊಂದು ಸುಂಟರಗಾಳಿ ದಾಖಲೆಯಲ್ಲಿ ಇಲ್ಲ. ಮಳೆಯ ಪರದೆಯೊಳಗೆ ಮುಚ್ಚಿಕೊಂಡಿದ್ದರಿಂದ ಅದರ ಆಕಾರವೇ ನೋಡುಗರಿಗೆ ತಿಳಿಯುತ್ತಿರಲಿಲ್ಲ. ಸುಂಟರಗಾಳಿಯ ಒಳಗಿನ ಒತ್ತಡವನ್ನು ಅಳೆಯಲೆಂದೇ ಜೀವನ ಸವೆಸಿದ ಟಿಮ್ ಸಮಾರಾಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಅಂದು ಅದಕ್ಕೆ ಬಲಿಯಾದರು. ವಾಹನದ ಮೇಲೆ ಹೊತ್ತು ತಂದ ರಾಡಾರ್ ಅದರೊಳಗೆ ಗಂಟೆಗೆ ಸುಮಾರು 475 ಕಿಲೋಮೀಟರ್ ವೇಗವನ್ನು ಕಂಡಿತ್ತು. ಮೊದಲು ಇಎಫ್-3 ಎಂದಿದ್ದನ್ನು ಆ ರಾಡಾರ್ ಅಳತೆ ನೋಡಿ ಇಎಫ್-5ಕ್ಕೆ ಏರಿಸಿದರು. ಕೆಲವು ತಿಂಗಳ ಮೇಲೆ ಅದನ್ನು ಮತ್ತೆ ಇಎಫ್-3ಕ್ಕೆ ಇಳಿಸಿದರು. ಕಾರಣ, ಆ ಭಯಂಕರ ಗಾಳಿ ಬೀಸಿದ್ದು ಬಹುತೇಕ ಬಯಲಿನ ಮೇಲೆ. ಒಡೆಯಲು ಅಲ್ಲಿ ಗಟ್ಟಿ ಮನೆಗಳಿರಲಿಲ್ಲ, ಹಾಗಾಗಿ ಹಾನಿಯ ಸಾಕ್ಷಿಯೂ ಇರಲಿಲ್ಲ. ನಿಯಮ ನಿಯಮವೇ: ಅಂಕಿ ಹಾನಿಯದ್ದು.

ಈ ಇಳಿಕೆಯನ್ನು ಆಗ ಹಲವರು ಪ್ರಶ್ನಿಸಿದರು. ಕಣ್ಣೆದುರಿನ ರಾಡಾರ್ ಅಂಕಿಯನ್ನು ಬದಿಗಿಡುವುದು ಮೊದಲ ನೋಟಕ್ಕೆ ನನಗೂ ಒಪ್ಪಿಗೆಯಾಗಲಿಲ್ಲ. ಆದರೆ ಯೋಚಿಸಿದರೆ ಅದಕ್ಕೊಂದು ನ್ಯಾಯವಿದೆ. ವಾಹನದ ರಾಡಾರ್ ಹತ್ತಿರ ಹೋಗಿ ನೋಡಿದ ಸುಂಟರಗಾಳಿಗಳು ಬೆರಳೆಣಿಕೆಯವು. ಅವುಗಳಿಗೊಂದು ಅಳತೆಗೋಲು, ವರ್ಷಕ್ಕೆ ಸುಮಾರು 1200ರಷ್ಟು ಬರುವ ಉಳಿದವುಗಳಿಗೆ ಇನ್ನೊಂದು ಅಳತೆಗೋಲು ಹಿಡಿದರೆ ದಶಕಗಳ ದಾಖಲೆಯನ್ನು ಹೋಲಿಸಲು ಬರುವುದಿಲ್ಲ. ಹಾಗೆಂದು ಆ ದಾಖಲೆಯನ್ನೇ ಗಾಳಿಯ ನಿಜವಾದ ಬಲ ಎಂದುಕೊಳ್ಳುವುದೂ ತಪ್ಪಾಗುತ್ತದೆ. ಹವಾಮಾನ ವಿಜ್ಞಾನಿಗಳಾದ ಜೋಶುವಾ ವರ್ಮನ್ ಮತ್ತು ಕರೆನ್ ಕೊಸಿಬಾ ಅವರ ತಂಡ ವರ್ಷಾನುಗಟ್ಟಲೆ ಹತ್ತಿರದಿಂದ ರಾಡಾರ್ ಹಿಡಿದು ಅಳೆದದ್ದನ್ನು 2021ರಲ್ಲಿ ಪ್ರಕಟಿಸಿತು. ಹಾನಿ ನೋಡಿ ಕೊಟ್ಟ ಅಂಕಿಗಿಂತ ಅಳೆದ ಗಾಳಿ ಸರಾಸರಿ ಒಂದು ಮೆಟ್ಟಿಲಿಗಿಂತಲೂ ಹೆಚ್ಚು ಬಲಶಾಲಿಯಾಗಿತ್ತು. ನಗರದ ನಡುವೆ ಬಂದಿದ್ದರೆ ಆ ಮೆಟ್ಟಿಲಿನ ವ್ಯತ್ಯಾಸ ಏನು ಮಾಡುತ್ತಿತ್ತೆಂದು ಊಹಿಸಬಹುದು.

ಅಂಕಿ ಬರುವುದು ಎಲ್ಲ ಮುಗಿದ ಮೇಲಾದರೆ, ಎಚ್ಚರಿಕೆ ಕೊಡುವವರು ಯಾವುದನ್ನು ನಂಬುತ್ತಾರೆ? ಅವರ ಕೈಲಿರುವುದು ಡಾಪ್ಲರ್ ರಾಡಾರ್. ಮಳೆಹನಿಗಳು ರಾಡಾರಿನ ಕಡೆಗೆ ಬರುತ್ತಿವೆಯೇ, ದೂರ ಹೋಗುತ್ತಿವೆಯೇ ಎಂಬುದನ್ನು ಅದು ಹಸಿರು, ಕೆಂಪು ಬಣ್ಣಗಳಲ್ಲಿ ತೋರಿಸುತ್ತದೆ. ತೆರೆಯ ಮೇಲೆ ಕಡುಹಸಿರು, ಕಡುಗೆಂಪು ಅಂಟಿಕೊಂಡು ಅಕ್ಕಪಕ್ಕ ಕಂಡರೆ, ಆ ಜಾಗದಲ್ಲಿ ಗಾಳಿ ಸುತ್ತುತ್ತಿದೆ ಎಂದರ್ಥ. ಸುತ್ತುವ ದೈತ್ಯ ಗುಡುಗುಮೋಡದ ಅಂಚು ರಾಡಾರಿನಲ್ಲಿ ಕೊಕ್ಕೆಯಂತೆ ಬಾಗಿರುವುದೂ ಒಂದು ಹಳೆಯ ಗುರುತು. 1953ರಲ್ಲೇ ಇಲಿನಾಯ್ಸ್‌ನಲ್ಲಿ ಅದನ್ನು ಗುರುತಿಸಿದ್ದರು.

ಇವೆರಡೂ ಸುಂಟರಗಾಳಿ ಇರಬಹುದು ಎಂದಷ್ಟೇ ಹೇಳುತ್ತವೆ. ಖಾತ್ರಿ ಮಾಡುವುದು ಮೂರನೆಯ ಗುರುತು. ಸುಮಾರು 2013ರ ಹೊತ್ತಿಗೆ ಅಮೆರಿಕದ ರಾಡಾರ್‌ಗಳನ್ನು ಅಡ್ಡ, ಉದ್ದ ಎರಡೂ ದಿಕ್ಕಿನ ಅಲೆಗಳನ್ನು ಕಳಿಸುವಂತೆ ಮಾರ್ಪಡಿಸಿದರು. ಮೊರದಲ್ಲಿ ಅಕ್ಕಿ ಕೇರುವಾಗ ಕಾಳುಗಳೆಲ್ಲ ಒಂದೇ ಥರ ಕಾಣುತ್ತವೆ, ನಡುವೆ ಹೊಟ್ಟೋ ಕಲ್ಲೋ ಬಂದರೆ ಕಣ್ಣು ತಟ್ಟನೆ ಅಲ್ಲಿ ನಿಲ್ಲುತ್ತದೆ. ಇದೂ ಹಾಗೆಯೇ. ಮಳೆಹನಿಗಳು ಆಕಾರದಲ್ಲಿ ಒಂದನ್ನೊಂದು ಹೋಲುತ್ತವೆ. ಹಲಗೆ ಚೂರು, ಎಲೆ, ಸೂರಿನ ತಗಡು ಯಾವುದೂ ಯಾವುದನ್ನೂ ಹೋಲುವುದಿಲ್ಲ. ಮಳೆಯ ನಡುವೆ ಹೋಲಿಕೆ ತಪ್ಪಿದ ಒಂದು ಮಚ್ಚೆ ಕಂಡಿತೆಂದರೆ, ಅದು ಯಾರದೋ ಮನೆ ಗಾಳಿಯಲ್ಲಿ ಹಾರುತ್ತಿರುವ ಚಿತ್ರ. ರಾತ್ರಿಯಲ್ಲೂ, ಮಳೆ ಮುಚ್ಚಿದಾಗಲೂ ಅದು ಕಾಣುತ್ತದೆ. ಅವಶೇಷ ಎಷ್ಟು ಎತ್ತರಕ್ಕೆ ಏರಿದೆ ಎಂಬುದರಿಂದ ಗಾಳಿಯ ಬಲದ ಸುಳಿವೂ ಸಿಗುತ್ತದೆ. ಊರಿನ ಮೇಲೆ ಅಂಥ ಮಚ್ಚೆ ಬರುತ್ತಿದ್ದರೆ ಸಾಮಾನ್ಯ ಎಚ್ಚರಿಕೆಯನ್ನು ದಾಟಿ 'ಸುಂಟರಗಾಳಿ ತುರ್ತುಸ್ಥಿತಿ' ಎಂದು ಸಾರುತ್ತಾರೆ. ಆ ಮಾತನ್ನು ಮೊದಲು ಬಳಸಿದ್ದು 1999ರ ಮೇ 3ರಂದು, ಒಕ್ಲಹೋಮಾದ ಮೂರ್ ನಗರದ ಕಡೆಗೆ ಗಾಳಿ ನುಗ್ಗುತ್ತಿದ್ದಾಗ.

ಬಲವನ್ನು ಓದುವುದಕ್ಕಿಂತ ಮೊದಲು, ಬಂದದ್ದು ಸುಂಟರಗಾಳಿಯೇ ಎಂದು ಗುರುತಿಸುವುದೂ ಇದೆ. ಗುಡುಗುಮೋಡದಿಂದ ನೇರವಾಗಿ ಕೆಳಗೆ ಧುಮ್ಮಿಕ್ಕಿ ನಾಲ್ಕೂ ಕಡೆ ಚಿಮ್ಮುವ ಗಾಳಿಯೂ ಮನೆಗಳನ್ನು ಉರುಳಿಸಬಲ್ಲದು. ಇಲ್ಲಿ ಮರಗಳೇ ಸಾಕ್ಷಿ. ಸುಂಟರಗಾಳಿಯ ಹಾದಿಯಲ್ಲಿ ಅವು ನಡುಗೆರೆಯ ಕಡೆಗೆ ಒಳಮುಖವಾಗಿ, ಒಂದರ ಮೇಲೊಂದು ಅಡ್ಡಾದಿಡ್ಡಿಯಾಗಿ ಬಿದ್ದಿರುತ್ತವೆ. ಮೇಲಿನಿಂದ ಅಪ್ಪಳಿಸಿದ ಗಾಳಿಯಾದರೆ ಒಂದು ಬಿಂದುವಿನಿಂದ ಹೊರಮುಖವಾಗಿ ಹರಡಿರುತ್ತವೆ. ಫುಜಿತಾ ವಿಮಾನದಿಂದ ಇಂಥ ಹರಡಿದ ಮರಗಳನ್ನು ಕಂಡಾಗ ಅವರಿಗೆ ನೆನಪಾದದ್ದು ನಾಗಾಸಾಕಿ. 1975ರಲ್ಲಿ ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದ ಈಸ್ಟರ್ನ್ ಏರ್‌ಲೈನ್ಸ್ ವಿಮಾನ ಪತನವಾದಾಗ, ಕಾರಣ ಇಂಥ ಗಾಳಿಯೇ ಎಂದು ಅವರು ವಾದಿಸಿದರು. ಮೊದಮೊದಲು ಹಲವರು ನಂಬಲಿಲ್ಲ. ಇಂದು ವಿಮಾನ ನಿಲ್ದಾಣಗಳಲ್ಲಿ ಅದನ್ನು ಪತ್ತೆ ಹಚ್ಚಲೆಂದೇ ರಾಡಾರ್‌ಗಳಿವೆ.

ನಮ್ಮ ಉಪಖಂಡದ ಮಾತಿಗೆ ಬಂದರೆ, ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ಕೊಂದ ಸುಂಟರಗಾಳಿ ಎಂದು ದಾಖಲಾಗಿರುವುದು ಅಮೆರಿಕದ್ದಲ್ಲ, ಬಾಂಗ್ಲಾದೇಶದ್ದು. 1989ರ ಏಪ್ರಿಲ್ 26ರಂದು ಮಾಣಿಕ್‌ಗಂಜ್ ಜಿಲ್ಲೆಯ ದೌಲತ್‌ಪುರ ಮತ್ತು ಸಾಟುರಿಯಾದಲ್ಲಿ ಸುಮಾರು 1300 ಜನ ಸತ್ತರು. ಅದರ ಬಲ ಎಷ್ಟಿತ್ತೆಂದು ಇಎಫ್ ಪಟ್ಟಿ ಹಿಡಿದು ಹೇಳುವುದು ಬಲು ಕಷ್ಟ. ತಗಡು, ಬಿದಿರು, ಮಣ್ಣಿನ ಮನೆಗಳು ಸಾಧಾರಣ ಗಾಳಿಗೂ ಬೀಳುತ್ತವೆ, ಅಸಾಧಾರಣ ಗಾಳಿಗೂ ಬೀಳುತ್ತವೆ. ಪೂರ್ತಿ ಬಿದ್ದ ಮೇಲೆ ಅವುಗಳಲ್ಲಿ ಓದಲು ಏನೂ ಉಳಿಯುವುದಿಲ್ಲ. ಆ 28 ಸೂಚಕಗಳಲ್ಲಿ ನಮ್ಮ ಮಂಗಳೂರು ಹೆಂಚಿನ ಮನೆಯಿಲ್ಲ, ತೆಂಗಿನ ಮರವೂ ಇಲ್ಲ. ಇಂಥ ಕೊರತೆಯನ್ನು ಕಂಡೇ ಕೆನಡಾ 2013ರಲ್ಲಿ ಪಟ್ಟಿಗೆ ತನ್ನ ಸೂಚಕಗಳನ್ನು ಸೇರಿಸಿಕೊಂಡಿತು. ಜಪಾನ್ 2016ರಿಂದ ತನ್ನ ಕಟ್ಟಡಗಳಿಗೆ ತಕ್ಕ ಮಾಪಕವನ್ನು ಬಳಸುತ್ತಿದೆ. ಬಡವರ ಮನೆಯ ಗಾಳಿಯನ್ನು ಅಳೆಯಲು ಬಡವರ ಮನೆಯನ್ನು ಬಲ್ಲ ಪಟ್ಟಿ ಬೇಕು. ಅದನ್ನು ಬರೆಯುವ ಕೆಲಸ ನಮ್ಮ ಎಂಜಿನಿಯರುಗಳದ್ದೇ.

ಪಟ್ಟಿಯಲ್ಲಿ ಇಲ್ಲದ್ದನ್ನು ಓದಲು ಸಾಧ್ಯವಿಲ್ಲವೆಂದೇನೂ ಅಲ್ಲ. ಒಕ್ಲಹೋಮಾದ ಮೂರ್‌ಗೆ 2013ರ ಮೇ 20ರಂದು ಬಂದ ಗಾಳಿಯ ನಂತರ ಹನ್ನೆರಡು ವರ್ಷ ಯಾವ ಸುಂಟರಗಾಳಿಗೂ ಇಎಫ್-5 ಸಿಕ್ಕಿರಲಿಲ್ಲ. ಗಾಳಿಗಳು ಸೌಮ್ಯವಾದವೇ, ಸಮೀಕ್ಷಕರು ಕಟ್ಟುನಿಟ್ಟಾದರೇ ಎಂಬ ಚರ್ಚೆ ನಡೆದೇ ಇತ್ತು. 2025ರ ಜೂನ್ 20ರಂದು ಉತ್ತರ ಡಕೋಟಾದ ಎಂಡರ್ಲಿನ್ ಬಳಿ ಬಂದ ಸುಂಟರಗಾಳಿ ಮೂವರನ್ನು ಕೊಂದು ಹೋಯಿತು. ಅದು ಹಾದುಹೋದ ಕಡೆ ಒಂದು ಸರಕು ರೈಲಿತ್ತು. 33 ಡಬ್ಬಿಗಳು ಹಳಿಯಿಂದ ಉರುಳಿದವು. ಕೆಲವು ಧಾನ್ಯ ತುಂಬಿದ ಭಾರೀ ಡಬ್ಬಿಗಳು. ಖಾಲಿ ಟ್ಯಾಂಕರ್ ಡಬ್ಬಿಯೊಂದು ಸುಮಾರು 145 ಮೀಟರ್ ದೂರದಲ್ಲಿ ಬಿದ್ದಿತ್ತು. ರೈಲು ಡಬ್ಬಿ 28ರ ಪಟ್ಟಿಯಲ್ಲಿಲ್ಲ. ಆದರೆ ಅದರ ತೂಕ ಗೊತ್ತು, ಅಳತೆ ಗೊತ್ತು, ಗಾಳಿಗೆ ಒಡ್ಡಿದ ಮೈ ಎಷ್ಟೆಂದು ಗೊತ್ತು. ತುಂಬಿದ ಡಬ್ಬಿಯನ್ನು ಉರುಳಿಸಲು, ಖಾಲಿ ಡಬ್ಬಿಯನ್ನು ಅಷ್ಟು ದೂರ ಎಸೆಯಲು ಎಷ್ಟು ಗಾಳಿ ಬೇಕೆಂದು ತಜ್ಞರು ತಿಂಗಳುಗಟ್ಟಲೆ ಲೆಕ್ಕ ಹಾಕಿದರು. ಗಂಟೆಗೆ 338 ಕಿಲೋಮೀಟರಿಗೂ ಹೆಚ್ಚು ಎಂದು ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಎಂಡರ್ಲಿನ್‌ನ ಅಂಕಿಯನ್ನು ತಿದ್ದಿ, ಅದರ ಮುಂದೆ ಇಎಫ್-5 ಎಂದು ಬರೆದರು.